‘ಗಮನ ಇರಲಿಲ್ಲ’ ಎನ್ನಲು ಯಾವ ಇಂಗ್ಲಿಷ್ ಪದ? ಚೀನೀ ಭಾಷಿಕರಿಗೆ ಹೇಳಿಕೊಡುವ ಬಗೆ

ಚೀನೀ ಮಾತಾಡುವವರಿಗೆ ಇಂಗ್ಲಿಷ್ ಹೇಳಿಕೊಡುವಾಗ ಒಂದು ತಪ್ಪು ನನಗೆ ಮತ್ತೆ ಮತ್ತೆ ಸಿಗುತ್ತದೆ. ಮೆಟ್ರೋದಲ್ಲಿ ಕಿಟಕಿ ನೋಡುತ್ತಾ ಕೂತು, ಇಳಿಯುವ ಸ್ಟೇಷನ್ ದಾಟಿಹೋಯಿತು ಎನ್ನಲು ಒಬ್ಬ ಹುಡುಗಿ ‘ಐ ವಾಸ್ ಇನ್ ಎ ಡೇಜ್’ ಎಂದು ಬರೆದಿದ್ದಳು. ತಲೆಗೆ ಪೆಟ್ಟು ಬಿತ್ತೇನೋ ಎಂದು ನನಗೆ ಗಾಬರಿಯೇ ಆಯಿತು.

ಹಂತ 1: ಮನಸ್ಸಿನಲ್ಲಿದ್ದ ಚೀನೀ ಪದ ಯಾವುದು ಎಂದು ಕೇಳಿ. ಅವಳದು ‘ಫಾದಾಯ್’. ನಿಘಂಟು ತೆರೆದರೆ ಅದಕ್ಕೆ ‘ಇನ್ ಎ ಡೇಜ್’ ಎಂದೇ ಸಿಗುತ್ತದೆ, ಪಾಪ ಅವಳದೇನು ತಪ್ಪು?

ಹಂತ 2: ‘ಡೇಜ್’ ಬಿಡಿಸಿ. ಅದು ಪೆಟ್ಟು, ಆಘಾತ, ನಿದ್ದೆಗೆಟ್ಟ ಮಂಪರಿನ ಮಾತು. ಫಾದಾಯ್ ಅಂದರೆ ಸುಮ್ನೆ ಖಾಲಿ ನೋಟದಲ್ಲಿ ಕೂರುವುದು. ಅದಕ್ಕೆ ‘ಜೋನ್ ಔಟ್’ ಸಾಕು. ಚೀನೀ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ, ಹಾಗಾಗಿ ‘ಐ ಆಮ್ ಜೋನ್ ಔಟ್’ ಎನ್ನುತ್ತಾರೆ. ‘ಐ ಜೋನ್ಡ್ ಔಟ್’ ಎಂದು ಹತ್ತು ಸಲ ಬಾಯಲ್ಲೇ ಹೇಳಿಸಿ.

ಹಂತ 3: ‘ತ್ಸೌಶೆನ್’ ಸುಲಭ. ಮನಸ್ಸು ನಡೆದುಹೋಯಿತು ಎಂಬ ಅರ್ಥ. ‘ಮೈ ಮೈಂಡ್ ವಾಂಡರ್ಡ್’ ಸರಿಹೊಂದುತ್ತದೆ.

ಹಂತ 4: ‘ಶಿನ್ ಬು ತ್ಸೈ ಯೆನ್’ ಎಂದರೆ ಮನಸ್ಸು ಇಲ್ಲಿಲ್ಲ. ಕನ್ಫ್ಯೂಷಿಯಸ್ ಪರಂಪರೆಯ ‘ದಾ ಶ್ಯುಎ’ ಎಂಬ ಹಳೆಯ ಗ್ರಂಥದಿಂದ ಬಂದ ಮಾತು: ಮನಸ್ಸು ಅಲ್ಲಿಲ್ಲದಿದ್ದರೆ ನೋಡಿದರೂ ಕಾಣದು, ತಿಂದರೂ ರುಚಿ ತಿಳಿಯದು. ನಮ್ಮ ‘ಮನಸ್ಸು ಎಲ್ಲೋ ಇತ್ತು’ ಇದೇ ಅಲ್ವಾ? ಇದಕ್ಕೆ ‘ಆಬ್ಸೆಂಟ್-ಮೈಂಡೆಡ್’ ಎಂದು ಬರೆಯುತ್ತಾರೆ. ಆದರೆ ಇಂಗ್ಲಿಷಿನಲ್ಲಿ ಅದು ಜಾಸ್ತಿ ಸ್ವಭಾವದ ಮಾತು, ದಿನಾ ಕನ್ನಡಕ ಮರೆಯುವವರಿಗೆ. ಇವತ್ತೊಂದು ದಿನ ಗಮನ ತಪ್ಪಿದ್ದರೆ ‘ಡಿಸ್ಟ್ರಾಕ್ಟೆಡ್’ ಅನ್ನಿ.

ಒಂದು ಪದಕ್ಕೆ ಒಂದೇ ಅರ್ಥ ಬರೆದ ಕಾರ್ಡುಗಳನ್ನು ಕೊಳ್ಳಬೇಡಿ. ಈ ತಪ್ಪುಗಳೆಲ್ಲ ಅಲ್ಲೇ ಹುಟ್ಟುತ್ತವೆ.

ಹಂತ 5: ‘ಒಬ್ಲಿವಿಯಸ್’. ಹೆಚ್ಚು ಜನ ಎಡವುವುದು ಇಲ್ಲಿ, ಇದಕ್ಕೆ ಪೂರ್ತಿ ಒಂದು ತರಗತಿ ಕೊಡಿ. ಲ್ಯಾಟಿನ್ ಮೂಲದಲ್ಲಿ ಮರೆವಿನ ಪದ. ಈಗ ಸುತ್ತ ಏನಾಗುತ್ತಿದೆ ಎಂಬ ಅರಿವೇ ಇಲ್ಲದವನಿಗೆ ಹೇಳುತ್ತಾರೆ. ಅರಿವಿಲ್ಲ ಎಂಬುದೂ ಅವನಿಗೆ ಗೊತ್ತಿರುವುದಿಲ್ಲ. ಅದಕ್ಕೇ ‘ಐ ಆಮ್ ಒಬ್ಲಿವಿಯಸ್ ಟು ದ ಹಾರ್ನ್’ ಎಂಬ ವಾಕ್ಯ ನಿಲ್ಲುವುದಿಲ್ಲ. ಹಾರ್ನ್ ಬಗ್ಗೆ ಹೇಳುತ್ತಿದ್ದೀರಿ ಎಂದರೆ ಅದು ನಿಮಗೆ ಕೇಳಿಸಿದೆ!

ಇದನ್ನು ಆಡಿಸಿಯೇ ತೋರಿಸಿ. ಫೋನಿನಲ್ಲಿ ಮುಳುಗಿ ನಡೆಯುವವರಿಗೆ ಚೀನಾದಲ್ಲಿ ‘ದಿತೌತ್ಸು’, ತಲೆತಗ್ಗಿಸಿದ ಪಂಗಡ, ಎಂಬ ಹೆಸರೇ ಇದೆ. ಒಬ್ಬ ಹಾಗೆ ನಡೆಯಲಿ, ಇನ್ನೊಬ್ಬ ಹಾರ್ನ್ ಮಾಡಲಿ. ಪಕ್ಕದಲ್ಲಿ ನಿಂತವಳು ‘ಹಿ ಈಸ್ ಒಬ್ಲಿವಿಯಸ್ ಟು ದ ಹಾರ್ನ್’ ಎನ್ನಲಿ. ನಡೆದವನು ಆಗ ಬಾಯಿ ಬಿಡಬಾರದು. ಆಮೇಲೆ ವಿಷಯ ತಿಳಿದು ‘ಐ ವಾಸ್ ಒಬ್ಲಿವಿಯಸ್’ ಎನ್ನಬಹುದು. ಒಬ್ಲಿವಿಯಸ್ ಮುಂದೆ ‘ಟು’, ‘ಆಫ್’ ಎರಡೂ ನಡೆಯುತ್ತವೆ. ‘ಅನ್‌ಅವೇರ್’ ಮುಂದೆ ಮಾತ್ರ ‘ಟು’ ಹಾಕಬೇಡಿ, ಅಲ್ಲಿ ‘ಆಫ್’ ಬೇಕು.