ಮಲ್ಪೆಯ ಐಸ್ ಪ್ಲಾಂಟಿನ ಸಿಸಿಟಿವಿಗೆ ಅರ್ಧ ಕೋಆಕ್ಸ್, ಅರ್ಧ ಐಪಿ: ನನ್ನ ಅನುಭವ

"ಐಸ್ ಪ್ಲಾಂಟಿನ ಕ್ಯಾಮೆರಾಗೆ ಫೈಬರ್ ಕೇಬಲ್ ಎಂತಕ್ಕೆ ಮಾರಾಯ್ರೆ?" ಅಂತ ನಕ್ಕವರು ಜಾಸ್ತಿ. ಎರಡು ಮಳೆಗಾಲ ದಾಟಿತು, ಕೇಬಲ್ ಚುಚ್ಚುವ ಒಂದು ಪೋರ್ಟೂ ಸುಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಆಫೀಸು ರಸ್ತೆ ಬದಿ, ಲೋಡಿಂಗ್ ಶೆಡ್ ಹಿಂದೆ, ನಡುವೆ ಎಂಬತ್ತು ಮೀಟರ್ ಇರಬಹುದು. ಮೊದಲು ಎಂಟು ಕ್ಯಾಮೆರಾವೂ ಅನಲಾಗ್ ಎಚ್‌ಡಿ, ಅಂದರೆ ಟಿವಿ ಕೇಬಲಿನಂಥ ಕೋಆಕ್ಸ್ ತಂತಿಯಲ್ಲಿ ಚಿತ್ರ ಕಳಿಸುವ ಜಾತಿ. ಆಫೀಸಿನ ಕಡೆಯವು ಚೆನ್ನಾಗೇ ಇದ್ದವು. ಶೆಡ್ಡಿನ ಎರಡರಲ್ಲಿ ಮಾತ್ರ ಕಂಪ್ರೆಸರ್ ಆನ್ ಆದರೆ ಸಾಕು, ಪರದೆ ಮೇಲೆ ಪಟ್ಟಿ ಪಟ್ಟಿ ಓಡುತ್ತಿತ್ತು. ರಾತ್ರಿ ಕ್ಯಾಮೆರಾದ ಐಆರ್ (ಕಣ್ಣಿಗೆ ಕಾಣದ ಬೆಳಕಿನ) ದೀಪ ಹತ್ತಿದರೆ ಚಿತ್ರವೇ ಮಾಯ, ಯಾಕೆಂದರೆ ಆಫೀಸಿನಿಂದ ಹೊರಟ 12 ವೋಲ್ಟ್ ಅಲ್ಲಿಗೆ ಮುಟ್ಟುವಾಗ ಹತ್ತಕ್ಕೂ ಕೆಳಗೆ.

ಇನ್‌ಸ್ಟಾಲರ್ ಎಲ್ಲಾ ಕಿತ್ತು ಐಪಿ, ಅಂದರೆ ಕಂಪ್ಯೂಟರ್ ನೆಟ್‌ವರ್ಕಿನಲ್ಲಿ ಓಡುವ ಕ್ಯಾಮೆರಾ ಹಾಕಿ ಅಂದ. ಕೊಟೇಶನ್ ಲಕ್ಷದ ಹತ್ತಿರ! ನಾನು ಶೆಡ್ಡಿಗೆ ಮಾತ್ರ ಎರಡು ಐಪಿ ಹಾಕಿಸಿದೆ, ಕ್ಯಾಟ್ 6 ನೆಟ್‌ವರ್ಕ್ ತಂತಿ, ಅದರಲ್ಲೇ ಕರೆಂಟೂ ಹೋಗುವ ಪಿಒಇ. ಚಿತ್ರ ಸೂಪರ್. ಮೇ ತಿಂಗಳ ಒಂದು ಸಿಡಿಲಿಗೆ ನೆಟ್‌ವರ್ಕ್ ಸ್ವಿಚ್ಚು, ರೆಕಾರ್ಡರಿನ ನೆಟ್‌ವರ್ಕ್ ಪೋರ್ಟು ಎರಡೂ ಢಮಾರ್, ಹನ್ನೆರಡು-ಹದಿಮೂರು ಸಾವಿರ ನೀರಿಗೆ. ಸಿಡಿಲಿನ ಹೊಡೆತ ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿದೆ. ಅಕ್ಟೋಬರಿನ ಗುಡುಗಿಗೆ ಅದೂ ಹೋಯಿತು, ಜೊತೆಗೆ ಒಂದು ಕ್ಯಾಮೆರಾ.

ಕೋಆಕ್ಸ್ ಆಗಲಿ ಕ್ಯಾಟ್ 6 ಆಗಲಿ, ಅರ್ತಿಂಗ್ ಬೇರೆ ಬೇರೆ ಇರುವ ಎರಡು ಕಟ್ಟಡದ ನಡುವೆ ತಾಮ್ರ ಎಳೆದರೆ ಇದೇ ಗತಿ. ಹಾಗಾಗಿ ಜೂನ್-ಜುಲೈಯ 61 ದಿನದ ಟ್ರಾಲಿಂಗ್ ಮೀನುಗಾರಿಕೆ ನಿಷೇಧದಲ್ಲಿ, ಪ್ಲಾಂಟ್ ಹೆಚ್ಚುಕಮ್ಮಿ ಖಾಲಿ ಇದ್ದಾಗ, ನಡುವೆ ಫೈಬರ್ ಎಳೆಸಿದೆ, ಅದು ಗಾಜು, ಕರೆಂಟು ದಾಟುವುದಿಲ್ಲ. ಎರಡೂ ತುದಿಗೆ ಫೈಬರ್-ತಾಮ್ರ ಜೋಡಿಸುವ ಮೀಡಿಯಾ ಕನ್ವರ್ಟರ್, ಜೋಡಿಗೆ ಎರಡು ಸಾವಿರದಷ್ಟು ಆಯಿತು. ಶೆಡ್ಡಿನ ಸ್ವಿಚ್ಚಿಗೆ ಅಲ್ಲಿಯದೇ ಕರೆಂಟು, ಸಣ್ಣ ಯುಪಿಎಸ್. ಡ್ರಾಪ್ ಕೇಬಲ್ (ಕಂಬದಿಂದ ಮನೆಗೆ ಎಳೆಯುವ ಫೈಬರ್) ಆದರೆ ಅದರ ಜೊತೆಗೆ ಬರುವ ಕಬ್ಬಿಣದ ತಂತಿಯನ್ನು ಗೋಡೆ ಹೊರಗೇ ಕತ್ತರಿಸಿಬಿಡಿ. ಆ ತಂತಿಯನ್ನು ಒಳಗೆ ತಂದರೆ ಫೈಬರ್ ಹಾಕಿದ್ದೇ ಸುಮ್ನೆ.

ಆಫೀಸಿನ ಆರು ಅನಲಾಗ್ ಹಾಗೇ ಉಳಿದವು. ಡಿವಿಆರ್ ಬದಲು ಎರಡೂ ಜಾತಿ ಕ್ಯಾಮೆರಾ ಹಿಡಿಯುವ ರೆಕಾರ್ಡರ್, ಎಕ್ಸ್‌ವಿಆರ್. ಎಲ್ಲಾ ಸೇರಿ ಮೂವತ್ತೈದು ಸಾವಿರದ ಒಳಗೆ ಮುಗಿಯಿತು. ಒಂದು ಕ್ಯಾಮೆರಾಗೆ ರೆಕಾರ್ಡಿಂಗ್ ವೇಗ 2 ಎಂಬಿಪಿಎಸ್ ಇಟ್ಟರೆ ದಿನಕ್ಕೆ 21 ಜಿಬಿ ಹತ್ತಿರ, ಎಂಟಕ್ಕೆ 4 ಟಿಬಿ ಡಿಸ್ಕ್ ಮೂರು ವಾರ ಧಾರಾಳ.

ಇನ್ನೊಂದು ಪ್ರಯೋಗ. ರಾತ್ರಿ ಕ್ಯಾಮೆರಾ ಸುತ್ತ ಹುಳ, ಹುಳಕ್ಕೆ ಜೇಡ, ರಾತ್ರಿಯಿಡೀ ಬಲೆಯದ್ದೇ ರೆಕಾರ್ಡಿಂಗ್. ಶೆಡ್ಡಿನಲ್ಲಿ ಐಆರ್ ಆಫ್ ಮಾಡಿ ನಾಲ್ಕು ಮೀಟರ್ ಆಚೆ ಎಲ್‌ಇಡಿ ಹಾಕಿದೆ, ಬಲೆ ಅತ್ತ ಹೋಯಿತು. ಉಪ್ಪುಗಾಳಿಗೆ ಕೋಆಕ್ಸ್ ತುದಿಯ ಬಿಎನ್‌ಸಿ ಕನೆಕ್ಟರ್ ಹಸಿರು ಹಿಡಿಯುತ್ತದಲ್ವಾ, ಅದಕ್ಕೂ ಒಂದು ಗ್ರೀಸ್ ಸಿಕ್ಕಿದೆ. ಯಾವುದು ಅಂತ ಮಾತ್ರ ಇಲ್ಲಿ ಹೇಳುವುದಿಲ್ಲ.