ಗುಡ್ಡದ ಮಳೆಗೆ ಜಾಕೆಟ್: ಆರಿಸುವುದು, ಮನೆಯಲ್ಲೇ ಪರೀಕ್ಷಿಸುವುದು ಹೇಗೆ?

ಮಳೆಗಾಲ ಶುರುವಾದರೆ ಸಾಕು, ಬೆಳಗಾವಿಯ ಹುಡುಗ ಹುಡುಗಿಯರು ರವಿವಾರ ಬೆಳಿಗ್ಗೆ ಯಳ್ಳೂರಿನ ರಾಜಹಂಸಗಡಕ್ಕೋ, ಜಾಂಬೋಟಿ ದಾಟಿ ಕಣಕುಂಬಿ ಕಡೆಗೋ ಹೊರಡುತ್ತಾರೆ. ಮೈಮೇಲೆ ಹೊಸ ಜಾಕೆಟ್. ಲೇಬಲ್ ಮೇಲೆ ‘ವಾಟರ್‌ಪ್ರೂಫ್ 10,000 ಮಿ.ಮೀ.’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಮಧ್ಯಾಹ್ನ ಗುಡ್ಡ ಇಳಿಯುವ ಹೊತ್ತಿಗೆ ಒಳಗಿನ ಅಂಗಿ ಹಿಂಡಿದರೆ ನೀರು. ‘ಜಾಕೆಟ್ ಸೋರ್ತದ’ ಎಂದು ಅಂಗಡಿಯವರ ಮೇಲೆ ಸಿಟ್ಟು.

ಎಷ್ಟೋ ಸಲ ಜಾಕೆಟ್ ಸೋರಿರುವುದೇ ಇಲ್ಲ. ಒಳಗಿನ ಬೆವರು ಹೊರಗೆ ಹೋಗದೆ ಅಲ್ಲೇ ನಿಂತಿರುತ್ತದೆ. ನಮ್ಮ ಘಟ್ಟದ ಮಳೆಗೆ ಜಾಕೆಟ್ ಆರಿಸುವಾಗ ಒಳಗೆ ಗಾಳಿ ಎಷ್ಟು ಆಡುತ್ತದೆ ಎಂಬುದನ್ನೇ ಮೊದಲು ನೋಡಬೇಕು. ನೀರು ತಡೆಯುವ ಲೆಕ್ಕ ಆಮೇಲೆ.

1. ಎಲ್ಲಿಗೆ ಹೋಗುತ್ತೀರಿ?

ಬೆಳಗಾವಿ ಊರಿನ ಮಳೆ ಬೇರೆ, ಮಲಪ್ರಭೆ ಹುಟ್ಟುವ ಕಣಕುಂಬಿಯ ಮಳೆ ಬೇರೆ. ನಡುವಿನ ದಾರಿ 50 ಕಿ.ಮೀ. ಒಳಗೇ. ಆದರೂ ಇಲ್ಲಿ ಜಿಟಿಜಿಟಿ ಹನಿಯುತ್ತಿರುವಾಗ ಅಲ್ಲಿ ಬಿಟ್ಟೂ ಬಿಡದೆ ಸುರಿಯುತ್ತಿರುತ್ತದೆ. ರಾಜಹಂಸಗಡಕ್ಕೆ ಮಾತ್ರ ಹೋಗಿ ಬರುವವರಿಗೆ ಹಗುರವಾದ ಜಾಕೆಟ್ ಸಾಕು. ಕೋಟೆಯ ಮೇಲೆ ಗಾಳಿ ಜೋರು, ಹಾಗಾಗಿ ಟೊಪ್ಪಿಗೆ ಚೆನ್ನಾಗಿರಲಿ. ಕಣಕುಂಬಿ, ಚೋರ್ಲಾ ಕಡೆ ದಿನವಿಡೀ ನಡೆಯುವವರು ಮುಂದಿನದನ್ನೆಲ್ಲ ನೋಡಿಯೇ ಕೊಳ್ಳಬೇಕು. ಭೀಮಗಡ ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗುವಂತಿಲ್ಲ, ಅದನ್ನು ಮೊದಲೇ ವಿಚಾರಿಸಿಕೊಳ್ಳಿ. ಬಾದಾಮಿಯ ಬಂಡೆ ಹತ್ತುವವರು, ವಿಜಯಪುರ ಕಡೆಯವರು ಇಷ್ಟೆಲ್ಲ ಖರ್ಚು ಮಾಡುವುದು ಬೇಡ. ಒಂದು ತೆಳು ವಿಂಡ್‌ಚೀಟರ್ ಚೀಲದಲ್ಲಿದ್ದರೆ ಆಯಿತು.

ಬೈಕಿಗೆ ಹಾಕುವ ದಪ್ಪ ಪಿವಿಸಿ ರೇನ್‌ಕೋಟ್ ಬೈಕಿಗೇ ಇರಲಿ. ಸುಮ್ನೆ ಕೂತು ಗಾಡಿ ಓಡಿಸುವವರಿಗೆ ಬೆವರು ಕಡಿಮೆ, ಅವರಿಗೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಅದನ್ನೇ ಹಾಕಿಕೊಂಡು ಗುಡ್ಡ ಹತ್ತಿದರೆ ಅರ್ಧ ಗಂಟೆಯಲ್ಲಿ ಇಡ್ಲಿ ಪಾತ್ರೆಯೊಳಗೆ ಕೂತ ಹಾಗಾಗುತ್ತದೆ.

2. ಲೇಬಲ್ ಮೇಲಿನ ಎರಡು ಅಂಕಿ

ಮೊದಲನೆಯದು ಮಿ.ಮೀ. ಲೆಕ್ಕ. ಬಟ್ಟೆಯನ್ನು ಬಿಗಿಯಾಗಿ ಹಿಡಿದು ಒಂದು ಕಡೆಯಿಂದ ನೀರಿನ ಒತ್ತಡ ಏರಿಸುತ್ತಾ ಹೋಗುತ್ತಾರೆ. ಇನ್ನೊಂದು ಕಡೆ ಮೂರು ಜಾಗದಲ್ಲಿ ನೀರು ಕಾಣಿಸಿಕೊಂಡ ಕೂಡಲೇ ನಿಲ್ಲಿಸುತ್ತಾರೆ. 10,000 ಮಿ.ಮೀ. ಎಂದರೆ 10 ಮೀಟರ್ ಎತ್ತರದ ನೀರಿನ ಕಂಬದ ಒತ್ತಡವನ್ನು ಆ ಬಟ್ಟೆ ತಡೆಯಿತು ಎಂದರ್ಥ. ಸಾಮಾನ್ಯವಾಗಿ 1,500 ಮಿ.ಮೀ. ದಾಟಿದ ಬಟ್ಟೆಯನ್ನೇ ವಾಟರ್‌ಪ್ರೂಫ್ ಎನ್ನುತ್ತಾರೆ. ಹೆಗಲ ಮೇಲೆ ಚೀಲದ ಪಟ್ಟಿ ಒತ್ತುವ ಕಡೆ, ಒದ್ದೆ ಬಂಡೆಯ ಮೇಲೆ ಕೂತಾಗ ಒತ್ತಡ ಜಾಸ್ತಿ. ಅದಕ್ಕೇ 10,000 ಇರಲಿ ಎನ್ನುವುದು. 20,000ಕ್ಕೆಂದು ಹೆಚ್ಚಿಗೆ ದುಡ್ಡು ಕೊಡುವ ಅಗತ್ಯ ನಮ್ಮ ಗುಡ್ಡಗಳಲ್ಲಿ ನನಗಂತೂ ಕಾಣುವುದಿಲ್ಲ.

ಎರಡನೆಯದು ಗ್ರಾಂ ಲೆಕ್ಕ. ಒಂದು ಚದರ ಮೀಟರ್ ಬಟ್ಟೆಯ ಮೂಲಕ 24 ಗಂಟೆಯಲ್ಲಿ ಎಷ್ಟು ಗ್ರಾಂ ಆವಿ ಹೊರಗೆ ಹೋಗುತ್ತದೆ ಎಂಬುದು. ಇಲ್ಲೇ ಜನ ಮೋಸ ಹೋಗುವುದು. 10,000 ಗ್ರಾಂ ಎಂದರೆ ಬಹಳ ಅನಿಸುತ್ತದೆ, ಅಲ್ವಾ? 24ರಿಂದ ಭಾಗಿಸಿ ನೋಡಿ. ಗಂಟೆಗೆ ಸುಮಾರು 417 ಗ್ರಾಂ. ಚೀಲ ಹೊತ್ತು ಕಡಿದಾದ ಗುಡ್ಡ ಹತ್ತುವವರ ಮೈಯಿಂದ ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೂ ಬೆವರು ಇಳಿಯಬಹುದು. ಅಂದರೆ ಪ್ರಯೋಗಶಾಲೆಯ ಲೆಕ್ಕದಲ್ಲೇ ಅದು ಸಾಲುವುದಿಲ್ಲ. ಮೇಲಾಗಿ ಈ ಪರೀಕ್ಷೆ ಮಾಡುವ ವಿಧಾನಗಳು ಹಲವು. ಒಂದು ಕಂಪನಿಯ ಅಂಕಿಯನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸುವುದರಲ್ಲಿ ಅರ್ಥವಿಲ್ಲ.

ಇನ್ನೂ ದೊಡ್ಡ ತೊಂದರೆ ನಮ್ಮ ಹವೆಯದು. ಆವಿ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಸರಿಯುತ್ತದೆ. ಚಳಿ ದೇಶದಲ್ಲಿ ಜಾಕೆಟ್ ಒಳಗೆ ಬಿಸಿ, ಹೊರಗೆ ತಣ್ಣನೆಯ ಗಾಳಿ. ಆವಿ ತಾನಾಗಿ ಹೊರಗೆ ಹೋಗುತ್ತದೆ. ಜುಲೈ ತಿಂಗಳ ಚೋರ್ಲಾ ಘಟ್ಟದಲ್ಲಿ ಅಂಥ ಚಳಿ ಇಲ್ಲ, ಗಾಳಿಯೇ ನೀರು ತುಂಬಿಕೊಂಡು ಮಂಜಾಗಿ ನಿಂತಿರುತ್ತದೆ. ಒಳಗಿನ ಆವಿ ಹೊರಗೆ ಹೋಗುವುದು ಬಹಳ ನಿಧಾನ. ಗೋರ್‌ಟೆಕ್ಸ್‌ನಂಥ ದುಬಾರಿ ಬಟ್ಟೆಯ ಕಥೆಯೂ ಇದೇ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಬಿಸಿ ಮಾಡಿದ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ ಕಡ್ಡಿಯನ್ನು ಒಮ್ಮೆಲೇ ಜೋರಾಗಿ ಜಗ್ಗಿದಾಗ ಅದು ಸಣ್ಣ ಸಣ್ಣ ರಂಧ್ರಗಳ ಹಾಳೆಯಾಗುವ ಗುಣ ತೋರಿಸಿತು. 1976ರಲ್ಲಿ ಅದರ ಬಟ್ಟೆ ಮಾರುಕಟ್ಟೆಗೆ ಬಂತು. ಆ ರಂಧ್ರದಲ್ಲಿ ನೀರಿನ ಹನಿ ತೂರುವುದಿಲ್ಲ, ಆವಿ ತೂರುತ್ತದೆ. ನಿಜವಾಗಿಯೂ ಒಳ್ಳೆಯ ಶೋಧ. ಆದರೆ ಅದೂ ಹೊರಗಿನ ಗಾಳಿ ಒಣಗಿದ್ದಷ್ಟೂ ಚೆನ್ನಾಗಿ ಕೆಲಸ ಮಾಡುತ್ತದೆ. ಕಡಿಮೆ ಬೆಲೆಯ ಜಾಕೆಟ್‌ಗಳಲ್ಲಿ ಹೆಚ್ಚಾಗಿ ಇರುವುದು ಬಟ್ಟೆಯ ಒಳಮೈಗೆ ಹಚ್ಚಿದ ಪಾಲಿಯುರೆಥೇನ್ ಲೇಪ, ಅಂದರೆ ಪಿಯು.

3. ಅಂಗಡಿಯಲ್ಲಿ ಕೈಯಿಂದಲೇ ನೋಡಿ

ಮೊದಲು ಕೈ ಎತ್ತಿ ಕಂಕುಳ ನೋಡಿ. ಅಲ್ಲಿ ಜಿಪ್ ಇದೆಯಾ? ಇದ್ದರೆ ಅರ್ಧ ಕೆಲಸ ಮುಗಿಯಿತು. ಅಂಗೈ ಸಲೀಸಾಗಿ ಒಳಗೆ ಹೋಗುವಷ್ಟು ಅದು ತೆರೆಯಬೇಕು. ನಮ್ಮ ಕಡೆಯ ಕುರುಬರು ಮಳೆಯಲ್ಲಿ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ದಿನವಿಡೀ ಕುರಿ ಹಿಂದೆ ನಡೆಯುತ್ತಾರೆ. ಕೊಪ್ಪೆ ಮುಂದೆ ತೆರೆದಿರುತ್ತದೆ, ಕೆಳಗೂ ತೆರೆದಿರುತ್ತದೆ, ಗಾಳಿ ಆಡುತ್ತಲೇ ಇರುತ್ತದೆ. ಉಣ್ಣೆ ನೆನೆದರೂ ಮೈ ಬೆಚ್ಚಗಿರುತ್ತದೆ. ತೂಕ ಜಾಸ್ತಿ ಎನ್ನುವುದೊಂದು ಬಿಟ್ಟರೆ ಅದರಲ್ಲಿ ಕಲಿಯುವುದು ಬೇಕಾದಷ್ಟಿದೆ.

ಆಮೇಲೆ ಜಾಕೆಟ್ ಒಳಮಗ್ಗುಲು ಮಾಡಿ. ಪ್ರತಿ ಹೊಲಿಗೆಯ ಮೇಲೂ ಟೇಪ್ ಅಂಟಿಸಿರಬೇಕು. ಹೆಗಲು, ಟೊಪ್ಪಿಗೆಯ ಹೊಲಿಗೆಗೆ ಮಾತ್ರ ಟೇಪ್ ಹಾಕಿ ಬಗಲಿಗೆ ಬಿಟ್ಟಿದ್ದರೆ ಘಟ್ಟದ ಮಳೆಗೆ ಅದು ಬೇಡ. ಟೊಪ್ಪಿಗೆ ಹಾಕಿ ಎಡಕ್ಕೆ ಬಲಕ್ಕೆ ಕತ್ತು ತಿರುಗಿಸಿ. ಟೊಪ್ಪಿಗೆಯೂ ಜೊತೆಗೆ ತಿರುಗಬೇಕು. ತಿರುಗದಿದ್ದರೆ ಇಳಿಯುವಾಗ ಪಕ್ಕದ ಜಾರು ಕಲ್ಲು ಕಾಣುವುದೇ ಇಲ್ಲ. ಎರಡೂ ಕೈ ಮೇಲೆತ್ತಿದಾಗ ಸೊಂಟ ತೆರೆದುಕೊಳ್ಳಬಾರದು. ಮುಂಗೈ ಪಟ್ಟಿ ಬಿಗಿಯಾಗಲಿ.

4. ಮನೆಯಲ್ಲಿ ಪರೀಕ್ಷೆ

ಮೊದಲು ಹೆಗಲಿನ ಮೇಲೆ ನಾಲ್ಕು ಹನಿ ನೀರು ಹಾಕಿ. ಕೆಸುವಿನ ಎಲೆಯ ಮೇಲಿನ ಹಾಗೆ ಹನಿ ದುಂಡಗೆ ನಿಂತು ಉರುಳಿ ಹೋಗಬೇಕು. ಹರಡಿ, ಬಟ್ಟೆಯ ಬಣ್ಣ ಕಪ್ಪಾದರೆ ಹೊರಗಿನ ಲೇಪ, ಅಂದರೆ ಹನಿ ಜಾರಿ ಹೋಗಲೆಂದು ಬಟ್ಟೆಯ ಹೊರಮೈಗೆ ಹಚ್ಚಿದ್ದು, ಹೋಗಿದೆ ಎಂದರ್ಥ.

ಆಮೇಲೆ ಜಾಕೆಟಿನ ಬೆನ್ನಿನ ಭಾಗವನ್ನು ಬೋಗುಣಿಯ ಬಾಯಿಗೆ ಗುಳಿ ಬೀಳುವಂತೆ ಹಾಸಿ. ಕೆಳಗೆ ಟಿಶ್ಯೂ ಪೇಪರ್ ಇಡಿ. ಗುಳಿಗೆ ಎರಡು ಲೋಟ ನೀರು ಹಾಕಿ ಅರ್ಧ ಗಂಟೆ ಬಿಡಿ. ಪೇಪರ್ ಒಣಗಿದ್ದರೆ ಬಟ್ಟೆ ಸರಿಯಾಗಿದೆ. ಇದನ್ನೇ ಹೆಗಲ ಹೊಲಿಗೆ ನಡುವೆ ಬರುವಂತೆ ಇನ್ನೊಮ್ಮೆ ಮಾಡಿ. ಸೋರುವ ಜಾಕೆಟ್‌ಗಳು ಸಾಮಾನ್ಯವಾಗಿ ಸಿಕ್ಕಿಬೀಳುವುದು ಈ ಎರಡನೇ ಸಲಕ್ಕೆ.

ಕೊನೆಗೆ, ತಿಳಿ ಬಣ್ಣದ ಹತ್ತಿ ಅಂಗಿಯ ಮೇಲೆ ಜಾಕೆಟ್ ಹಾಕಿಕೊಂಡು ಶವರ್ ಕೆಳಗೆ ಹತ್ತು ನಿಮಿಷ ಅಲುಗಾಡದೆ ನಿಲ್ಲಿ. ತೆಗೆದು ಅಂಗಿ ನೋಡಿ. ಕುತ್ತಿಗೆ ಕೆಳಗೆ ಒದ್ದೆಯಾದರೆ ಟೊಪ್ಪಿಗೆ ಅಥವಾ ಜಿಪ್‌ನ ದೋಷ. ಹೆಗಲ ಮೇಲೆ ಉದ್ದ ಗೆರೆಯಂತೆ ಒದ್ದೆಯಿದ್ದರೆ ಹೊಲಿಗೆ ಟೇಪ್ ಬಿಟ್ಟಿದೆ. ಬೆನ್ನೆಲ್ಲ ಸಮನಾಗಿ ತೇವವಾಗಿ, ಮೈ ಅಂಟಂಟಾಗಿದ್ದರೆ ಅದು ಬೆವರು. ಇದೇ ಗುರುತು ಗುಡ್ಡದ ಮೇಲೂ ಕೆಲಸಕ್ಕೆ ಬರುತ್ತದೆ.

5. ನಡೆಯುವಾಗ

ಬೆವರು ಬಂದ ಮೇಲೆ ಜಿಪ್ ತೆರೆಯುವುದಲ್ಲ, ಹತ್ತಲು ಶುರು ಮಾಡುವ ಮುಂಚೆಯೇ ಕಂಕುಳ ಜಿಪ್ ತೆರೆದುಬಿಡಿ. ಮಳೆ ಸಣ್ಣದಾದರೆ ಎದೆಯ ಜಿಪ್ಪನ್ನೂ ಅರ್ಧ ಇಳಿಸಿ. ಒಳಗೆ ಹತ್ತಿ ಬನಿಯನ್ ಬೇಡ, ಅದು ನೀರು ಕುಡಿದು ಮೈಗೆ ಅಂಟಿಕೊಳ್ಳುತ್ತದೆ. ಬೇಗ ಒಣಗುವ ಪಾಲಿಯೆಸ್ಟರ್ ಟಿ-ಶರ್ಟ್ ಸಾಕು. ಏನೇ ಮಾಡಿದರೂ ಘಟ್ಟದ ಮಳೆಯಲ್ಲಿ ಸ್ವಲ್ಪ ಒದ್ದೆಯಾಗುವುದು ಖಾತ್ರಿ. ಆದ್ದರಿಂದ ಒಂದು ಒಣ ಅಂಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಯ್ಯಲೇಬೇಕು. ಗುಡ್ಡದ ತುದಿಯಲ್ಲಿ ನಿಂತ ಕೂಡಲೇ ಒದ್ದೆ ಮೈಗೆ ಗಾಳಿ ಹೊಡೆದು ನಡುಕ ಹುಟ್ಟುತ್ತದೆ. ಬುತ್ತಿ ಬಿಚ್ಚುವ ಮುಂಚೆ ಅಂಗಿ ಬದಲಿಸಿ, ಜಿಪ್ ಪೂರ್ತಿ ಏರಿಸಿ. ಗಾಳಿ ಇಲ್ಲದ ಕಾಡುದಾರಿಯಲ್ಲಿ ಛತ್ರಿ ಹಿಡಿದು ನಡೆಯುವುದು ಎಲ್ಲಕ್ಕಿಂತ ಸುಖ.

6. ವಾಪಸ್ ಬಂದ ಮೇಲೆ

ಹೊರಗಿನ ಲೇಪ ಹೋದರೆ ಒಳಪದರ ಸರಿಯಿದ್ದರೂ ಮೇಲಿನ ಬಟ್ಟೆ ನೀರು ಹೀರಿ ಭಾರವಾಗುತ್ತದೆ, ಆವಿಯ ದಾರಿ ಮುಚ್ಚುತ್ತದೆ. ಕೆಸರು, ಬೆವರು, ಚರ್ಮದ ಜಿಡ್ಡು ಅದರ ಶತ್ರುಗಳು. ಫ್ಲೋರಿನ್ ಇಲ್ಲದ ಹೊಸ ಬಗೆಯ ಲೇಪಗಳು ಜಿಡ್ಡಿಗೆ ಇನ್ನೂ ಬೇಗ ಸೋಲುತ್ತವೆ. ಹಾಗಾಗಿ ಜಾಕೆಟ್ ಒಗೆಯಬಾರದು ಎಂಬ ಮಾತು ನಂಬಬೇಡಿ. ಮೆದು ದ್ರವ ಸಾಬೂನಿನಲ್ಲಿ, ಇಲ್ಲವೇ ನಿಕ್‌ವ್ಯಾಕ್ಸ್‌ನಂಥ ಜಾಕೆಟ್ ಸಾಬೂನಿನಲ್ಲಿ ಒಗೆದು ಎರಡು ಮೂರು ನೀರಲ್ಲಿ ಜಾಲಾಡಿ. ಸಾಬೂನು ಪುಡಿ, ಫ್ಯಾಬ್ರಿಕ್ ಕಂಡಿಷನರ್ ಎರಡೂ ಬೇಡ. ಒಣಗಿದ ಮೇಲೆ, ಲೇಬಲ್‌ನಲ್ಲಿ ಇಸ್ತ್ರಿಗೆ ಅನುಮತಿ ಇದ್ದರೆ, ಮೇಲೊಂದು ತೆಳು ಬಟ್ಟೆ ಹಾಸಿ ಕಡಿಮೆ ಬಿಸಿಯಲ್ಲಿ ಆವಿ ಇಲ್ಲದೆ ಇಸ್ತ್ರಿ ಮಾಡಿ. ಬಿಸಿ ತಾಗಿದರೆ ಮಂಕಾದ ಲೇಪ ಮತ್ತೆ ಚುರುಕಾಗುತ್ತದೆ. ಆಗಲೂ ಹನಿ ದುಂಡಗೆ ನಿಲ್ಲದಿದ್ದರೆ ಲೇಪದ ಸ್ಪ್ರೇ ತಂದು ಹೊಡೆಯಬೇಕು.

ಒದ್ದೆ ಜಾಕೆಟ್ಟನ್ನು ಮಡಚಿ ಅಟ್ಟದ ಮೇಲೆ ಎಸೆಯಬೇಡಿ. ತೇವದಲ್ಲಿ ಪಿಯು ಲೇಪ ನಿಧಾನವಾಗಿ ಕೊಳೆತು ಅಂಟಂಟಾಗುತ್ತದೆ, ಆಮೇಲೆ ಹೊಟ್ಟಿನ ಹಾಗೆ ಉದುರುತ್ತದೆ. ಒಂದು ಥರದ ಹುಳಿ ವಾಸನೆಯೂ ಬರುತ್ತದೆ. ಹಾಗಾದ ಜಾಕೆಟ್ಟಿಗೆ ಸ್ಪ್ರೇ ಹೊಡೆದು ದುಡ್ಡು ಕಳೆಯಬೇಡಿ. ಹೊಲಿಗೆಯ ಟೇಪ್ ಮಾತ್ರ ಎದ್ದಿದ್ದರೆ ಸೀಮ್ ಸೀಲರ್ ಅಂಟನ್ನು ಒಳಗಿನಿಂದ ತೆಳುವಾಗಿ ಸವರಿ, ಒಂದು ದಿನ ನೆರಳಿನಲ್ಲಿ ಒಣಗಿಸಿ, ಬೋಗುಣಿ ಪರೀಕ್ಷೆ ಮತ್ತೊಮ್ಮೆ ಮಾಡಿ.