ತಡಿಯಂಡಮೋಳಿನ ಹುಲ್ಲಲ್ಲಿ ದಾರಿ ತಪ್ಪಿದ ದಿನ

ಕೊಡಗಿನ ತಡಿಯಂಡಮೋಳು ಬೆಟ್ಟಕ್ಕೆ ಮೊದಲ ಸಲ ಹೋದಾಗ ಮಳೆಗಾಲ ಪೂರ್ತಿ ಮುಗಿದಿರಲಿಲ್ಲ. ಮಂಜು, ಜಿಗಣೆ ಬಿಟ್ಟು ಬೇರೇನೂ ಕಾಣದೆ ವಾಪಸಾದೆ. ಎರಡನೇ ಸಲ ನವೆಂಬರ್ ಕೊನೆಗೆ ಹೊರಟೆವು, ನಾನು ಮತ್ತು ಚಿಕ್ಕಪ್ಪನ ಮಗ. ಕಕ್ಕಬ್ಬೆಯ ಗೆಳೆಯನಿಗೆ ಕಾಫಿ ಕೊಯ್ಲು ಶುರುವಾಗಿತ್ತು, ಬರಲಿಲ್ಲ. ಅವನ ಅಮ್ಮ ಅಕ್ಕಿ ಒಟ್ಟಿ (ಕೊಡಗಿನ ಅಕ್ಕಿ ರೊಟ್ಟಿ), ಎಳ್ಳು ಪಜ್ಜಿ (ಚಟ್ನಿ) ಕಟ್ಟಿಕೊಟ್ಟರು. ಅನ್ನ ಸೇರಿಸಿ ನಾದಿದ ಒಟ್ಟಿ ತಣ್ಣಗಾದರೂ ಮೆತ್ತಗಿರುತ್ತದೆ. ಬೆಟ್ಟಕ್ಕೆ ಬಿಸ್ಕತ್ತಿಗಿಂತ ಇದೇ ವಾಸಿ.

ನಾಲ್ಕುನಾಡು ಅರಮನೆ ದಾಟಿ, ಅರಣ್ಯ ಇಲಾಖೆಯ ಗೇಟಿನಲ್ಲಿ ಹೆಸರು ಬರೆಸಿದೆವು. ದೊಡ್ಡ ಬಂಡೆಯವರೆಗೆ ಕಷ್ಟವೇನಿಲ್ಲ. ಆಮೇಲೆ ಹುಲ್ಲು. ಬೋಳು ಏಣಿನ ಮೇಲೆ ಗಾಳಿ ಜೋರು, ಮಣ್ಣು ತೆಳು. ಮರಗಳೆಲ್ಲ ನೀರು ಹರಿಯುವ ಕಣಿವೆ ಮಡಿಕೆಗಳಲ್ಲಿ ಒತ್ತಾಗಿ ನಿಂತಿವೆ. ಅದೇ ಶೋಲಾ ಕಾಡು. ಕೊನೆಯ ಏರು ಇಂಥದ್ದೇ ಕಾಡಿನೊಳಗೆ, ಬೇರು ಹಿಡಿದು ಹತ್ತಬೇಕು. ಒಳಗೆ ಎಷ್ಟು ತಂಪೆಂದರೆ ಬೆವರೂ ತಣ್ಣಗಾಗಿ ನಡುಕ ಬಂತು. ಜಿಗಣೆ ಇಲ್ಲೂ ಇತ್ತು, ಉಪ್ಪಿನ ಗಂಟು ಕೆಲಸಕ್ಕೆ ಬಂತು. ತುದಿ 1748 ಮೀಟರ್, ಕೊಡಗಿನಲ್ಲೇ ಎತ್ತರ. ಅಲ್ಲಿ ಹತ್ತು ನಿಮಿಷವೂ ಕೂರಲಾಗಲಿಲ್ಲ, ಅಂಥ ಗಾಳಿ.

ಎಡವಟ್ಟಾದದ್ದು ಇಳಿಯುವಾಗ. ಕಾಡು ದಾಟಿ ಹುಲ್ಲಿಗೆ ಬಂದದ್ದೇ ತಡ, ಮಂಜು ಮುಚ್ಚಿತು. ಹುಲ್ಲಿನ ಮೇಲೆ ದಾರಿ ಒಂದಲ್ಲ, ಹತ್ತು. ಪ್ರಾಣಿಗಳು ತುಳಿದದ್ದೂ ಮನುಷ್ಯರು ತುಳಿದದ್ದೂ ಒಂದೇ ಥರ. ಸವೆದು ಅಗಲವಾಗಿ ಕಂಡದ್ದನ್ನೇ ಹಿಡಿದೆ. ಅರ್ಧ ಒಣಗಿದ ಹುಲ್ಲು ಶೂ ಕೆಳಗೆ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ, ಎರಡು ಸಲ ಕುಂಡೆ ಊರಿ ಕೂತೆ. ಕಾಲು ಗಂಟೆಗೆ ದಾರಿ ಒಂದು ಶೋಲಾದ ಬಾಯಲ್ಲಿ ಮಾಯ. ಹತ್ತುವಾಗ ನಾವು ದಾಟಿದ ಕಾಡು ಅದಲ್ಲ. ಫೋನಿಗೆ ಸಿಗ್ನಲ್ ಇಲ್ಲ.

ಚಿಕ್ಕಪ್ಪನ ಮಗ ಕೆಳಗೆ ಇಳಿಯೋಣ ಅಂದ. ಗೆಳೆಯ ಹೊರಡುವಾಗಲೇ ಹೇಳಿದ್ದ: "ಮಂಜು ಬಂದ್ರೆ ನಡೀಬೇಡ ಮಾರಾಯ, ಕೂತ್ಕೋ." ಕೂತೆವು. ಒಟ್ಟಿ ಬಿಚ್ಚಿದೆವು. ಮುಕ್ಕಾಲು ಗಂಟೆ ಕಳೆದ ಮೇಲೆ ಗಾಳಿ ಮಂಜನ್ನು ಸೀಳಿದಾಗ ನೋಡಿದರೆ, ನಮ್ಮ ದೊಡ್ಡ ಬಂಡೆ ಎಡಗಡೆ, ಕಣಿವೆಯ ಆಚೆ ಏಣಿನ ಮೇಲೆ ಕೂತಿದೆ! ಇಳಿದಷ್ಟನ್ನೂ ಮತ್ತೆ ಹತ್ತಿ, ಏಣು ಸೇರಿ, ಅದರತ್ತ ನಡೆದೆವು.

ಗೇಟಿಗೆ ಬಂದಾಗ ಅಲ್ಲಿನ ಸಿಬ್ಬಂದಿ ರಿಜಿಸ್ಟರ್ ತೆರೆದಿಟ್ಟುಕೊಂಡೇ ನಿಂತಿದ್ದರು. ಅವತ್ತಿನ ಪಟ್ಟಿಯಲ್ಲಿ ಗೆರೆ ಎಳೆಯದೆ ಉಳಿದದ್ದು ನಮ್ಮಿಬ್ಬರ ಹೆಸರು ಮಾತ್ರ.